ಕೊಡದೆ ಉಳಿದ ಊರು

ಹಳೆಯ ಹಾಸಿಗೆ ಬಿಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಧೂಳು, ಬೆವರು, ಎಂದೋ ಯಾವುದೋ ಮಗು ಉಚ್ಚೆ ಹುಯ್ದು ಬಿಸಿಲಿಗೆ ಒಣಗಿಸಿದ್ದು, ಎಲ್ಲ ಸೇರಿ ಮುಗ್ಗಲು ಹಿಡಿದ ಹತ್ತಿಯ ವಾಸನೆ. ಹೋದ ತಿಂಗಳು ನಂಜನಗೂಡಿನ ನಮ್ಮ ಬಾಡಿಗೆ ಮನೆಯ ಮುಂದೆ ಹಾಸಿಗೆ ಹೊಲಿಯುವವನೊಬ್ಬ ಸೈಕಲ್ಲು ನಿಲ್ಲಿಸಿ, "ಹಳೇದಿದ್ರೆ ಕೊಡಿ ಮೇಡಂ, ಹತ್ತಿ ಹಿಂಜಿ ಹೊಸದರ ಥರ ಮಾಡ್ಕೊಡ್ತೀನಿ" ಎಂದ. ಅಟ್ಟದ ಮೇಲೆ ಸುತ್ತಿಟ್ಟಿದ್ದ ಅತ್ತೆಯ ಹಾಸಿಗೆಯನ್ನು ಇಳಿಸಿಕೊಟ್ಟೆ. ಅವನು ಬ್ಲೇಡು ಹಾಕಿ ಹೊಲಿಗೆ ಕೀಳುತ್ತಿದ್ದ ಹಾಗೆ ಗಂಟುಗಂಟಾದ ಹತ್ತಿ ಹೊರಗೆ ಬಂತು, ಅದರ ಜೊತೆಗೆ ಹರಳೆಣ್ಣೆಯ ವಾಸನೆಯೂ ಬಂತು. ಅತ್ತೆ ತನ್ನ ಜೀವಮಾನದಲ್ಲಿ ತಲೆಗೆ ಹರಳೆಣ್ಣೆ ಬಿಟ್ಟು ಇನ್ನೇನನ್ನೂ ಹಚ್ಚಿದವಳಲ್ಲ. ಅವಳು ಹೋಗಿ ವರ್ಷ ತುಂಬುತ್ತಾ ಬಂದಿತ್ತು, ಈ ವಾಸನೆ ಮಾತ್ರ ಎಲ್ಲಿಗೂ ಹೋಗದೆ ಹತ್ತಿಯೊಳಗೆ ಕೂತಿತ್ತು. ನಾನು ಮೆಟ್ಟಿಲ ಮೇಲೆ ಕೂತೆ. "ಹಿಂಜಬೇಡಪ್ಪ, ಇದ್ದ ಹಾಗೇ ಹೊಲಿದು ಕೊಟ್ಟುಬಿಡು" ಎಂದೆ. ಬಿಚ್ಚಿಸಿ ಮತ್ತೆ ಹಾಗೇ ಹೊಲಿಸುವ ಹೆಂಗಸನ್ನು ಅವನು ಅದೇ ಮೊದಲು ನೋಡಿರಬೇಕು. ನನ್ನನ್ನೊಮ್ಮೆ ನೋಡಿ, ಸೂಜಿಗೆ ದಾರ ಪೋಣಿಸಿದ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ತಾಯಮ್ಮ. ಹೆಮ್ಮರಗಾಲದ ನಮ್ಮ ನಾಡಹೆಂಚಿನ ಮನೆಯಲ್ಲಿ ಅಪ್ಪ, ಅವ್ವ, ಅತ್ತೆ ಮತ್ತು ನಾನು, ಇಷ್ಟೇ ಜನ. ಅಪ್ಪ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು ಎಂದು ಹಗಲೆಲ್ಲ ಜನರ ಜೊತೆ ಗುದ್ದಾಡಿ, ಮನೆಗೆ ಬಂದ ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಕೂರುತ್ತಿದ್ದ. ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋಯಿತೆಂದರೆ ನಮಗೆ ಹಬ್ಬ. ಅಕ್ಕಪಕ್ಕದ ಮಕ್ಕಳೆಲ್ಲ ನಮ್ಮ ಜಗಲಿಗೆ ಬಂದು ಬೀಳುತ್ತಿದ್ದವು. ಅತ್ತೆ ಕಂಬಕ್ಕೊರಗಿ ಕಾಲು ಚಾಚಿ ಕೂತು, ಹರಳೆಣ್ಣೆ ಹಚ್ಚಿದ ತಲೆಯನ್ನು ಕೆರೆದುಕೊಂಡು, "ಊಂ, ಬಾಯ್ ಮುಚ್ಕಂಡ್ ಕಿವಿ ಬುಡ್ರಿ ಈಗ" ಎನ್ನುತ್ತಿದ್ದಳು. ಆಮೇಲೆ ಒಗಟುಗಳು ಶುರುವಾಗುತ್ತಿದ್ದವು. ಹಗಲಿನಲ್ಲಿ ಮಾತ್ರ ಎಷ್ಟು ಕಾಲು ಹಿಡಿದರೂ ಒಂದೇ ಒಂದನ್ನೂ ಹೇಳುತ್ತಿರಲಿಲ್ಲ. "ಅಗಲೊತ್ನಲ್ಲಿ ಒಗಟು ಆಕುದ್ರೆ ದಾರಿ ಓಗೋರು ದಾರಿ ತಪ್ತರೆ ಕಣಮ್ಮಿ. ಯಾರ್ ಮನೆ ಮಗನೋ ಏನೋ, ನಮ್ಗ್ಯಾಕೆ ಆ ಪಾಪ?" ಎಂದು ಓಡಿಸುತ್ತಿದ್ದಳು.

ಅವಳ ಒಗಟುಗಳೆಲ್ಲ ಮಾತಿನೊಳಗೆ ಮಾತು ಅಡಗಿಸಿಟ್ಟವು. "ಇಡೀ ಕಾಯಿ ಆಕು ಅಂತಳೆ, ಆಕುದ್ರೆ ಅರೆ ಅಂತಳೆ, ಯಾರು?" ಎನ್ನುವಳು. ನಾವು ಇಡೀ ಕಾಯಿ, ಅರೆ ಕಾಯಿ ಎಂದು ಲೆಕ್ಕ ಹಾಕುತ್ತ ಕೂತರೆ, ಒಳಗಿನಿಂದ ಅವ್ವ "ನಿಮ್ಮತ್ತೆ ನನ್ನೇ ಆಡ್ಕತಾವಳೆ ಕಣ್ರೋ" ಎಂದು ಕೂಗುತ್ತಿದ್ದಳು. ಉತ್ತರ, ಒರಳಿನ ಮುಂದೆ ನಿಂತು ಖಾರ ಅರೆಯಲು ಹೇಳುವ ಮನೆಯ ಯಜಮಾನಿ. ಇನ್ನೊಂದು, "ಮರ ಇಲ್ಲ, ಮಟ್ಟಿ ಇಲ್ಲ, ಮನೆ ಒಳ್ಗೇ ಕಾಡು." ಅದು ನಾವೇ, ಅವಳನ್ನು ಬಿಡದೆ ಕಾಡುವ ಮಕ್ಕಳು. ನನಗೆಂದೇ ಕಟ್ಟಿದ್ದೂ ಒಂದಿತ್ತು: "ಕರುದ್ರೂ ಅತ್ತೆ, ಒಡುದ್ರೂ ಅತ್ತೆ." ಬಾಯಲ್ಲಿ ಅತ್ತೆ ಅತ್ತೆ ಎನ್ನುತ್ತಾ, ಒಂದೇಟು ಬಿದ್ದರೆ ಅಳುತ್ತಾ ಕೂರುವ ಹುಡುಗಿ ಊರಿಗೆಲ್ಲ ನಾನೊಬ್ಬಳೇ. ಎಲ್ಲ ಮಕ್ಕಳಿಗೂ ಮೊದಲು ಕಲಿಸುತ್ತಿದ್ದದ್ದು ಮಾತ್ರ ಇದು: "ಅತ್ತಿ ಮರ ಅಲ್ಲ, ಅತ್ತಿ ಇಳಿಯೋರಿಲ್ಲ, ಅದಿಲ್ದೋರ್ಗೆ ಮಾನ ಇಲ್ಲ." ನಮ್ಮ ಕಡೆಯ ಬಾಯಿಗೆ ಹಕಾರ ಹತ್ತುವುದಿಲ್ಲವಲ್ಲ, ಹಾಗಾಗಿ ಅತ್ತಿ ಮರವೂ ಅತ್ತಿಯೇ, ಮರ ಹತ್ತುವುದೂ ಅತ್ತಿಯೇ, ಮೈಮೇಲಿನ ಬಟ್ಟೆಯ ಹತ್ತಿಯೂ ಅತ್ತಿಯೇ. ಈಗ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಮ್ಮೆ ಕ್ಲಾಸಿನಲ್ಲಿ ಇದನ್ನು ಹೇಳಲು ಹೋಗಿ, ಮೇಡಮ್ಮಿನ ನಾಲಿಗೆಯಲ್ಲಿ ಒತ್ತಿ ಒತ್ತಿ ಹಕಾರ ಹಚ್ಚಿ ಹೇಳಿಬಿಟ್ಟೆ. ಹೇಳಿ ಮುಗಿಸುವ ಮೊದಲೇ ಮಕ್ಕಳು "ಹತ್ತಿ!" ಎಂದವು. ಮನೆಗೆ ಬಂದು ಒಬ್ಬಳೇ ಕೂತು ಅತ್ತೆ.

ಒಗಟು ಬಿಡಿಸಲು ಆಗದಿದ್ದವರು ಊರು ಕೊಡಬೇಕು. ಇದು ಆಟದ ಕಟ್ಟಳೆ. ನಿಮ್ಮ ಮನೆಗಳಲ್ಲೂ ಇದ್ದಿರಬಹುದು, ಆದರೆ ಅತ್ತೆಯ ಹಾಗೆ ಊರು ತೆಗೆದುಕೊಳ್ಳುವವರನ್ನು ನೀವು ನೋಡಿರಲಾರಿರಿ. "ಸೋತೆ" ಎಂದ ಕೂಡಲೇ ಅವಳು ನೆಟ್ಟಗೆ ಕೂತು ಎರಡೂ ಕೈಯಲ್ಲಿ ಸೆರಗು ಒಡ್ಡುತ್ತಿದ್ದಳು, ನಿಜಕ್ಕೂ ಅದರೊಳಗೆ ಏನೋ ಬೀಳುತ್ತದೆ ಎನ್ನುವಂತೆ. ತಾಂಡವಪುರ ಕೊಟ್ಟೆ ಎಂದರೆ, "ಬ್ಯಾಡ ಕಣ್ಲಾ, ರೋಡ್ ಮಗ್ಲಲ್ಲೇ ಅದೆ, ಬಸ್ಸಿನ ಸದ್ದಿಗೆ ನಿದ್ದೆ ಬರಾಕಿಲ್ಲ" ಎನ್ನುವಳು. ನಂಜನಗೂಡು ಕೊಟ್ಟರೆ, "ಅದು ದೇವ್ರ ಊರು, ನನ್ನ ಕೈಲಿ ಆಳಕಾದದಾ?" ಎನ್ನುವಳು. ಕೊನೆಗೆ ಯಾವುದೋ ಒಂದಕ್ಕೆ ಒಪ್ಪಿ, ಸೆರಗಿನ ತುದಿಯನ್ನು ಗಂಟು ಹಾಕಿ, "ಕೆರೆ ನಂದು, ಕಟ್ಟೆ ನಂದು, ಕಣದ ರಾಗಿಯೆಲ್ಲ ನಂದು, ತಿಪ್ಪೆ ಮಾತ್ರ ನಿಂದು!" ಎಂದು ನಗುವಳು. ಆಮೇಲೆಯೇ ಉತ್ತರ. ಊರು ಕೊಡದೆ ಉತ್ತರ ಕೇಳಿದವರಿಗೆ ತಲೆಗೊಂದು ಮೊಟಕು.

ಎಲ್ಲ ಊರುಗಳನ್ನೂ ಕೊಡಬಹುದಾಗಿದ್ದ ಆ ಜಗಲಿಯ ಮೇಲೆ ಒಂದು ಊರಿನ ಹೆಸರು ಮಾತ್ರ ಎತ್ತುವ ಹಾಗಿರಲಿಲ್ಲ. ಅದು ನರಸೀಪುರದ ಆಚೆಯ ಮೂಗೂರು, ಅತ್ತೆಯನ್ನು ಕೊಟ್ಟಿದ್ದ ಊರು. ಮದುವೆಯಾಗಿ ಕೆಲವು ವರ್ಷಕ್ಕೆ ಅವಳ ಗಂಡ ಇನ್ನೊಬ್ಬಳನ್ನು ಕರೆತಂದು ಅದೇ ಮನೆಯಲ್ಲಿ ಇಟ್ಟುಕೊಂಡ. ಅಪ್ಪ ಹೋಗಿ, ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದು, ತಂಗಿಯನ್ನು ಕರೆದುಕೊಂಡು ಬಂದುಬಿಟ್ಟ. "ಈ ಊರ ಎಸ್ರು ನನ್ನ ಮನೇಲಿ ಯಾರಾರ ಎತ್ತುದ್ರೆ ನಾಲಿಗೆ ಸೀಳ್ಬುಡ್ತೀನಿ" ಎಂದು ಹೇಳಿದ್ದನಂತೆ. ಅಪ್ಪ ಮಾಡಿದ್ದು ತಪ್ಪೆಂದು ಊರಲ್ಲಿ ಯಾರೂ ಅನ್ನಲಿಲ್ಲ, ನಾನೂ ಅನ್ನಲಾರೆ. ಆದರೆ ಆ ಮನೆಯಲ್ಲಿ ಗಂಡನೊಬ್ಬನೇ ಇರಲಿಲ್ಲವಲ್ಲ. ಅತ್ತೆಗೊಬ್ಬಳು ಅತ್ತೆಯಿದ್ದಳು, ಸಿದ್ದವ್ವ. ಒಗಟುಗಳನ್ನೆಲ್ಲ ನಮ್ಮತ್ತೆಗೆ ಕಲಿಸಿದವಳು ಅವಳೇ. ಅತ್ತೆ ಸೊಸೆ ಇಬ್ಬರೂ ಸೌದೆ ಒಲೆಯ ಮುಂದೆ ಕೂತು ಒಗಟು ಹಾಕಿಕೊಂಡು, ಮುದ್ದೆ ತಳ ಹಿಡಿಯುವ ತನಕ ಮೈಮರೆಯುತ್ತಿದ್ದರಂತೆ. ಅಪ್ಪ ಕರೆದುಕೊಂಡು ಹೊರಟ ದಿನ ಸಿದ್ದವ್ವ ಬಾಗಿಲಲ್ಲಿ ನಿಂತು ಅಳಲಿಲ್ಲ, ಮಗನನ್ನು ಬೈಯಲೂ ಇಲ್ಲ. ಸೊಸೆಯ ಕೈ ಹಿಡಿದು ಅದೇ ಅತ್ತಿಯ ಒಗಟನ್ನು ಹಾಕಿದಳಂತೆ. ನಮ್ಮತ್ತೆ ಉತ್ತರ ಹೇಳಲಿಲ್ಲ. "ಗೊತ್ತಾಗ್ನಿಲ್ಲ ಕಣತ್ತೆ, ಸೋತೆ. ನಾಳೀಕ್ ಬಂದು ಊರು ಕೊಡ್ತೀನಿ" ಎಂದು ಹೇಳಿ ಬಂದುಬಿಟ್ಟಳು. ಆ ನಾಳೆಯನ್ನು ಅಪ್ಪ ಬರಗೊಡಲಿಲ್ಲ.

ಈ ಕತೆ ನನಗೆ ತಿಳಿದದ್ದು ಅವ್ವನಿಂದ, ಅದೂ ಒಂದು ಅವಾಂತರವಾದ ಮೇಲೆ. ಎದುರು ಮನೆಗೆ ನೆಂಟರಾಗಿ ಬಂದಿದ್ದ ಹುಡುಗಿಯೊಬ್ಬಳು ಜಗಲಿಯಲ್ಲಿ ನಮ್ಮ ಜೊತೆ ಕೂತು, ಸೋತು, ಅತ್ತೆ ಸೆರಗು ಒಡ್ಡಿದಾಗ, "ಮೂಗೂರು ಕೊಟ್ಟೆ" ಎಂದುಬಿಟ್ಟಳು. ಅವಳಿಗೇನು ಗೊತ್ತು ಪಾಪ. ನಾವೆಲ್ಲ ಒಳಬಾಗಿಲ ಕಡೆ ನೋಡಿದೆವು. ಅತ್ತೆ ಬೇಡ ಎನ್ನಲಿಲ್ಲ, ಕೆರೆ ನಂದು ಕಟ್ಟೆ ನಂದು ಎನ್ನಲೂ ಇಲ್ಲ. ಸೆರಗನ್ನು ಮೆಲ್ಲಗೆ ಮಡಚಿ ಎದೆಗೆ ಒತ್ತಿಕೊಂಡಳು. ಒಳಗಿದ್ದ ಅಪ್ಪ ಹೊರಗೆ ಬಂದು, "ಬುಡು ತಾಯಿ, ಬುಡು ಅದ" ಎಂದು ಗುಡುಗಿದ. ಅತ್ತೆ ಅಣ್ಣನನ್ನು ನೋಡಿದಳು. ಅಷ್ಟು ಹೊತ್ತಿಗೆ ಕರೆಂಟು ಬಂದು ಎಲ್ಲರ ಮುಖವೂ ಎಲ್ಲರಿಗೂ ಕಂಡುಬಿಟ್ಟಿತು. ಅತ್ತೆ ಸೆರಗು ಕೊಡವಿ ಎದ್ದು ಒಳಗೆ ಹೋದಳು. ಅವತ್ತು ಅಪ್ಪ ಉಣ್ಣಲಿಲ್ಲ.

ಅದಾಗಿ ಮಳೆಗಾಲ ಕಳೆದಿತ್ತು. ಅಪ್ಪ ನಂಜನಗೂಡಿನ ಸಂತೆಗೆ ಹೋದವನು ಹೊತ್ತು ಮುಳುಗುವಾಗ ಬಂದು, ಟವಲ್ಲು ಕೊಡವಿ, ಯಾವತ್ತೂ ಇಲ್ಲದ್ದು ನಮ್ಮ ಜೊತೆ ಜಗಲಿಯ ಮೇಲೆ ಕೂತ. ಮಕ್ಕಳು ಗಾಬರಿಯಾಗಿ ಸರಿದು ಜಾಗ ಬಿಟ್ಟವು. "ನಂಗೂ ಒಂದ್ ಒಗಟ ಆಕು ತಾಯಿ" ಎಂದ. ಅತ್ತೆಗೆ ನಗು ಬಂತು. "ಇದೇನಣ್ಣಯ್ಯ, ಸಂತೇಲೇನಾರ ಕುಡುದ್ಯಾ?" ಎಂದು ಛೇಡಿಸಿ, ಇಡೀ ಕಾಯಿ, ಅರೆ ಕಾಯಿಯ ಒಗಟನ್ನೇ ಹಾಕಿದಳು. ಅದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಅಪ್ಪ ಒಂದು ಗಳಿಗೆಯೂ ಯೋಚಿಸದೆ "ಸೋತೆ" ಎಂದ. ಅತ್ತೆ ಅಭ್ಯಾಸಬಲದಿಂದ ಸೆರಗು ಒಡ್ಡಿದಳು. ಅಪ್ಪ ಅವಳ ಮುಖ ನೋಡಲಾರದೆ ಬೀದಿಯ ಕಡೆ ತಿರುಗಿ, "ಮೂಗೂರು ಕೊಟ್ಟೆ ಕಣವ್ವ, ತಗೊ" ಎಂದ. ಆಮೇಲೆ ಉಳಿದದ್ದನ್ನೂ ಹೇಳಿದ. ಸಂತೆಯಲ್ಲಿ ಮೂಗೂರಿನವನೊಬ್ಬ ಸಿಕ್ಕಿದ್ದ. ಸಿದ್ದವ್ವ ಹಾಸಿಗೆ ಹಿಡಿದಿದ್ದಳು, ಮಾತು ಬಿದ್ದುಹೋಗಿತ್ತು. ಅನ್ನ ನೀರು ಇಳಿಯುತ್ತಿರಲಿಲ್ಲ, ಜೀವವೂ ಹೋಗುತ್ತಿರಲಿಲ್ಲ. ಅತ್ತೆ ಸೆರಗನ್ನು ಗಂಟು ಹಾಕಿಕೊಂಡು, ಆ ಗಂಟನ್ನು ಹಿಡಿದೇ ಬೆಳಗಿನ ತನಕ ಕೂತಿದ್ದಳೆಂದು ಅವ್ವ ಆಮೇಲೆ ಹೇಳಿದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದರಿಂದ ನನ್ನನ್ನೂ ಕರೆದುಕೊಂಡು ಹೋಗಬೇಕಾಯಿತು. ನರಸೀಪುರದ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೆಳಗೆ ತುಂಬಿದ ಹೊಳೆ ಕಾಣುತ್ತಿತ್ತು. ನಾನು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದಳು. ಮೂಗೂರಿನಲ್ಲಿ ಅಪ್ಪ ಆ ಮನೆಯ ಹೊಸಿಲು ದಾಟಲಿಲ್ಲ, ಬೀದಿಯ ಬೇವಿನ ಮರದ ಕೆಳಗೆ ನಿಂತುಕೊಂಡ. ಅತ್ತೆಯ ಗಂಡ ಹಿತ್ತಲಿಗೆ ಹೋಗಿಬಿಟ್ಟ. ನೀರು ತಂದುಕೊಟ್ಟವಳು ಆ ಇನ್ನೊಬ್ಬಳು. ಅತ್ತೆ ಚೊಂಬು ಇಸಿದುಕೊಂಡು ಗಟಗಟ ಕುಡಿದು, "ಎಲ್ಲವ್ವ ಅತ್ತೆ?" ಎಂದಷ್ಟೇ ಕೇಳಿದಳು.

ನಡುಮನೆಯ ಚಾಪೆಯ ಮೇಲೆ ಸಿದ್ದವ್ವ ಮಲಗಿದ್ದಳು, ಒಂದು ಹಿಡಿ ಆಗಿದ್ದಳು. ಕಣ್ಣು ಮಾತ್ರ ತೆರೆದಿತ್ತು. ಅತ್ತೆ ಪಕ್ಕದಲ್ಲಿ ಕೂತು "ನಾನು ಕಣತ್ತೆ, ತಾಯಮ್ಮ" ಎಂದಾಗ ಆ ಕಣ್ಣು ಅವಳ ಕಡೆ ಹೊರಳಿತು. ಆಮೇಲೆ ಮುದುಕಿಯ ಕೈ ಎದೆಯ ಮೇಲೆ ತಡಕಾಡಿ ಸೀರೆಯ ಸೆರಗನ್ನು ಹಿಡಿದು ಮೇಲೆತ್ತಲು ನೋಡಿತು. ಚಳಿ ಎಂದುಕೊಂಡು ಯಾರೋ ಕಂಬಳಿ ತಂದರು. ನೀರು ಬೇಕೇನೋ ಎಂದರು ಇನ್ಯಾರೋ. ಅತ್ತೆ ಮಾತ್ರ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಆ ಸೆರಗು ಏನು ಕೇಳುತ್ತಿತ್ತೆಂದು ಅವಳಿಗೆ ಗೊತ್ತಿತ್ತು, ಜಗಲಿಯಲ್ಲಿ ಬೆಳೆದ ನನಗೂ ಗೊತ್ತಾಯಿತು. ಅತ್ತೆ ಬಗ್ಗಿ ಮುದುಕಿಯ ಕಿವಿಗೆ ಬಾಯಿಟ್ಟು, "ಎಮ್ಮರಗಾಲ ಕೊಟ್ಟೆ ಕಣತ್ತೆ. ನಮ್ಮೂರ್ನೇ ಕೊಟ್ಟೆ. ತಗೊ" ಎಂದಳು. ಸಿದ್ದವ್ವನ ಬೆರಳುಗಳು ಸೆರಗನ್ನು ಮುದುರಿ ಹಿಡಿದುಕೊಂಡವು. ನಾವು ವಾಪಸ್ಸು ಬಸ್ಸಿಗೆ ಏಳುವ ಮೊದಲೇ ಅವಳ ಉಸಿರು ನಿಂತಿತು. ಅಪ್ಪ ಆಗ ಹೊಸಿಲು ದಾಟಿ ಒಳಗೆ ಬಂದ.

ಅಲ್ಲಿಂದ ಬಂದ ಮೇಲೆ ಅತ್ತೆ ಒಗಟು ಹೇಳುವುದನ್ನು ನಿಲ್ಲಿಸಿಬಿಟ್ಟಳು. ಕರೆಂಟು ಹೋಗುತ್ತಿತ್ತು, ಮಕ್ಕಳು ಬರುತ್ತಿದ್ದವು, ಕಂಬಕ್ಕೊರಗಿ ಕೂತ ಅತ್ತೆ, "ಮರ್ತೋಯ್ತು ಕಣ್ರವ್ವ, ಓಗ್ರಿ" ಎನ್ನುತ್ತಿದ್ದಳು. ರಾಶಿ ರಾಶಿ ಒಗಟು ತಲೆಯಲ್ಲಿ ಇಟ್ಟುಕೊಂಡಿದ್ದವಳು! ಯಾರು ನಂಬಬೇಕು? ಒಂದು ಸಂಜೆ ಅಪ್ಪನೇ ಬಂದು ಕೂತು, ತಡವರಿಸುತ್ತಾ, "ಮರ ಇಲ್ಲ, ಮಟ್ಟಿ ಇಲ್ಲ... ಮುಂದಕ್ಕೇನಮ್ಮಿ ಅದು?" ಎಂದು ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಅವಳು ಎದ್ದು ಹೋಗಿ ದೀಪದ ಗಾಜು ಒರೆಸತೊಡಗಿದಳು. ಅಷ್ಟು ದೊಡ್ಡ ಗಂಟಲಿನ ನನ್ನಪ್ಪ ಅವತ್ತು ಮಕ್ಕಳ ಹಾಗೆ ಪೆಚ್ಚಾಗಿ ಕೂತುಬಿಟ್ಟ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟವು. ಎದುರು ಮನೆಗೆ ಟೀವಿ ಬಂತು.

ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಅಪ್ಪ ಹೋದ, ಹಿಂದೆಯೇ ಅವ್ವ ಹೋದಳು. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಬೇರೆ ಯಾರೋ ತಾರಸಿ ಮನೆ ಕಟ್ಟಿಕೊಂಡಿದ್ದಾರೆ. ಜಗಲಿ ಇದ್ದ ಕಡೆ ಬೈಕು ನಿಲ್ಲುತ್ತದೆ. ಅತ್ತೆ ನನ್ನ ಜೊತೆ ನಂಜನಗೂಡಿಗೆ ಬಂದಳು. ಇಲ್ಲಿ ಅವಳಿಗೆ ಇದ್ದ ಕೆಲಸವೆಂದರೆ ದೇವರ ದೀಪಕ್ಕೆ ಬತ್ತಿ ಹೊಸೆಯುವುದೊಂದೇ. ಒಂದು ಮುಸ್ಸಂಜೆ ಹಾಗೆ ಹತ್ತಿ ಹಿಡಿದು ಕೂತಿದ್ದವಳು, ನಾನೇನೂ ಕೇಳದೆಯೇ, "ನಂಗೆ ಅವತ್ತೇ ಗೊತ್ತಿತ್ತು ಕಣಮ್ಮಿ ಉತ್ರ" ಎಂದಳು. ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

"ಮತ್ಯಾಕೆ ಹೇಳಲಿಲ್ಲ?"

"ಯೋಳ್ಬುಟ್ಟಿದ್ರೆ ಅಲ್ಲಿಗೇ ಮುಗುದೋಗೋದಲ್ಲ. ಸೋತೋರು ಊರು ಕೊಡಕಾರ ತಿರ್ಗಾ ಬರ್ಲೇಬೇಕಲ್ವಾ? ಗೆದ್ಕಂಡ್ ಓಗ್ಲಿ ಅಂತ ಅವಳು ಸಲೀಸಾದ್ದೇ ಆಕುದ್ಲು. ನಾನು ಬೇಕಂತ್ಲೇ ಸೋತೆ." ಬತ್ತಿಯೊಂದನ್ನು ಹೊಸೆದು ಮುಗಿಸಿ, ಮತ್ತೆ ಹೇಳಿದಳು. "ಅವಳೂ ಕಾಯ್ಕಂಡಿದ್ಲು ನೋಡು, ಅಷ್ಟ್ ವರ್ಸ. ಮಾತು ಬಿದ್ದೋದ್ರೂ ಜೀವ ಬುಡ್ದೆ ಕಾಯ್ಕಂಡಿದ್ಲು. ನಾನು ಮೂಳಿ, ಓಗಿ ಊರು ಕೊಟ್ಬುಟ್ಟೆ. ಕೊಟ್ಟುದ್ಕೇ ಓದ್ಲು. ಕೊಡ್ದೆ ಇದ್ದಿದ್ರೆ ಇನ್ನೊಂದ್ ನಾಕ್ ದಿನ ಇರೋಳು." ಹಾಗೆಲ್ಲ ಇಲ್ಲ ಅತ್ತೆ, ಕಾಯಿಲೆಯಿಂದ ಹೋದರು ಅವರು, ಎಂದು ನಾನು ಓದಿದವಳ ಸಮಾಧಾನ ಹೇಳಿದೆ. ಅವಳು ಇನ್ನೊಂದು ಬತ್ತಿಗೆ ಹತ್ತಿ ಎಳೆದುಕೊಂಡಳು.

ಹೋದ ವರ್ಷ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆ. ಉಸಿರಾಟದ ತೊಂದರೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಮೆತ್ತಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದರು. ಮಧ್ಯಾಹ್ನ, ಕಿಟಕಿಯ ಹೊರಗೆ ಕಣ್ಣು ಕುಕ್ಕುವ ಬಿಸಿಲು. ನರ್ಸಮ್ಮ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ, "ಹಿಡ್ಕೊಳ್ಳಿ" ಎಂದು ನನಗೆ ಹೇಳಿ ಹೋದಳು. ನಾನು ಅತ್ತೆಯ ತೋಳಿನ ಮೇಲೆ ಆ ಹತ್ತಿಯನ್ನು ಹಿಡಿದು ಕೂತಿದ್ದೆ. ಅತ್ತೆ ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ಅಷ್ಟು ವರ್ಷ ಮುಚ್ಚಿಟ್ಟಿದ್ದ ಬಾಯಿ ಬಿಟ್ಟು, "ಅತ್ತಿ ಮರ ಅಲ್ಲ..." ಎಂದು ಶುರುಮಾಡಿದಳು. "ಹಗಲು ಕಣತ್ತೆ, ಯಾರಾದ್ರೂ ದಾರಿ ತಪ್ತಾರೆ" ಎಂದು ನಗಿಸಲು ನೋಡಿದೆ. "ತಪ್ಲಿ ಬುಡು" ಎಂದು, ಎಳೆದೆಳೆದು ಉಸಿರು ತೆಗೆದುಕೊಳ್ಳುತ್ತಾ, ಒಗಟನ್ನು ಪೂರ್ತಿ ಹೇಳಿ ಮುಗಿಸಿ, ನನ್ನ ಮುಖ ನೋಡಿದಳು.

ಉತ್ತರ ನನ್ನ ಬೆರಳ ಕೆಳಗೇ ಇತ್ತು. ನಾನು ಹೇಳಲಿಲ್ಲ. "ಗೊತ್ತಾಗ್ನಿಲ್ಲ ಕಣತ್ತೆ, ಸೋತೆ" ಎಂದೆ. ಎಷ್ಟೋ ವರ್ಷದ ಮೇಲೆ ನನ್ನ ನಾಲಿಗೆ ಊರಿನ ಮಾತಿಗೆ ತಾನಾಗಿ ಹೊರಳಿತ್ತು. ಅತ್ತೆ ಎರಡೂ ಕೈಯಲ್ಲಿ ಆಸ್ಪತ್ರೆಯ ಹೊದಿಕೆಯ ಅಂಚು ಹಿಡಿದು ಮೆಲ್ಲಗೆ ಮೇಲೆತ್ತಿ ಒಡ್ಡಿದಳು. "ಊರ್ ಕೊಡು."

"ಇವತ್ತಿಲ್ಲ. ನಾಳೀಕ್ ಬಂದು ಕೊಡ್ತೀನಿ. ಅಲ್ಲೀಗಂಟ ಕಾಯ್ಬೇಕು ನೀನು."

ಅವಳ ಹಲ್ಲಿಲ್ಲದ ಬಾಯಿ ನಗೆಯಿಂದ ಅಗಲವಾಯಿತು. "ಕಳ್ಳಮುಂಡೆ" ಎಂದಳು. ಆಗಲಿ ಎನ್ನಲಿಲ್ಲ, ಒಡ್ಡಿದ್ದ ಹೊದಿಕೆಯನ್ನು ಇಳಿಸಲೂ ಇಲ್ಲ. ನಾನು ಬಟ್ಟೆ ತರಲು ಮನೆಗೆ ಹೊರಟಾಗ ಬಾಗಿಲಲ್ಲಿ ತಿರುಗಿ ನೋಡಿದೆ, ಆಗಲೂ ಹಾಗೇ ಹಿಡಿದುಕೊಂಡಿದ್ದಳು. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಹಾಸಿಗೆ ಖಾಲಿಯಾಗಿತ್ತು. ಹೊದಿಕೆಯನ್ನು ಯಾರೋ ಮಡಚಿಟ್ಟಿದ್ದರು.

ಹೋದ ತಿಂಗಳು ಹಾಸಿಗೆಯವನು ಬಿಚ್ಚಿದ್ದನ್ನು ಸಂಜೆಯೊಳಗೆ ಹಾಗೇ ಹೊಲಿದು ಕೊಟ್ಟ. ಅದನ್ನು ನಡುಮನೆಯಲ್ಲಿ ಹಾಸಿ, ಮೇಲೆ ಕೂತೆ. ಅವತ್ತು ಅತ್ತೆಗೆ ಕೊಡಬೇಕೆಂದುಕೊಂಡಿದ್ದ ಊರು ಹೆಮ್ಮರಗಾಲವೇ, ಮಣ್ಣಿನ ಜಗಲಿ, ಕಂಬ, ಅರೆಯುವ ಒರಳು, ಸಿಟ್ಟಿನ ಅಪ್ಪ, ಎಲ್ಲ ಇದ್ದ ಹಾಗೇ ಇರುವ ಹೆಮ್ಮರಗಾಲ. ಹೊರಗೆ ಹೊತ್ತು ಮುಳುಗಿತ್ತು, ಒಗಟು ಹಾಕಲು ಸರಿಯಾದ ವೇಳೆ. "ಕೊಟ್ಟೆ ಕಣತ್ತೆ" ಎಂದು ಬಾಯಿ ತೆರೆದೆ, ಊರಿನ ಹೆಸರು ನಾಲಿಗೆಯ ತನಕ ಬಂತು. ಹೇಳಲಿಲ್ಲ. ಹೇಳಿಬಿಟ್ಟರೆ ಅಲ್ಲಿಗೆ ಮುಗಿದುಹೋಗುತ್ತದಲ್ಲ.